ಒಂದೇ ಮನೆ, ಒಂದೇ ಕಿಡ್ನಿ ಗುಳ್ಳೆ ಕಾಯಿಲೆ: ಅಣ್ಣಂಗೆ ಡಯಾಲಿಸಿಸ್, ತಂಗಿಗೆ ಬರೀ ಬಿಪಿ ಮಾತ್ರೆ, ಯಾಕೆ?

2025ರ ಜನವರಿಯಲ್ಲಿ ಕೆಡಿಗೊ ಅನ್ನೋ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ, ವಂಶದಲ್ಲಿ ಬರೋ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಗೆ ಅಂತಲೇ ಒಂದು ದಪ್ಪ ಮಾರ್ಗಸೂಚಿ ತಂತು. ಅದೇ ವರ್ಷ ಮೇ ತಿಂಗಳಲ್ಲಿ ಮುಂಬೈನ ಲುಪಿನ್ ಕಂಪನಿ ಈ ಕಾಯಿಲೆಗೆ ಕೊಡೋ ಟಾಲ್ವಾಪ್ಟಾನ್ ಮಾತ್ರೆಯ ಜೆನೆರಿಕ್‌ನ ಅಮೆರಿಕದ ಮಾರ್ಕೆಟ್ಟಿಗೆ ಬಿಡ್ತು. ಮೊದಲನೇ ಸುದ್ದಿ ಡಾಕ್ಟರುಗಳ ಮಧ್ಯೆನೇ ಉಳೀತು, ಎರಡನೇದು ಷೇರು ಪುಟದ ಸುದ್ದಿ, ಆದ್ರೆ ಇಂಥ ಸುದ್ದಿ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪ್ ತಲುಪೋ ಹೊತ್ತಿಗೆ "ಕಿಡ್ನಿ ಗುಳ್ಳೆಗೆ ಔಷಧಿ ಬಂದಿದೆ" ಅಂತ ಆಗಿರತ್ತೆ. ಆಮೇಲೆ ಕನ್ಫ್ಯೂಶನ್ ಶುರು. ಅದೇ ಕಾಯಿಲೆ ಇರೋ ಒಬ್ಬರಿಗೆ ಡಾಕ್ಟರು "ನಿಮಗೆ ಆ ಮಾತ್ರೆ ಬೇಡ" ಅಂತಾರೆ, ಇನ್ನೊಬ್ಬರಿಗೆ "ತಡ ಮಾಡ್ಬೇಡಿ" ಅಂತಾರೆ, ಮತ್ತೊಬ್ಬರಿಗೆ "ನಿಮ್ಮ ಕಿಡ್ನಿ ಚೆನ್ನಾಗೇ ಇದೆ, ಆದ್ರೂ ಬಿಪಿ 110ಕ್ಕೆ ಇಳಿಸ್ಬೇಕು" ಅಂತಾರೆ. ಮೂರೂ ಸರಿ ಇರಬಹುದು. ಯಾಕಂದ್ರೆ ಈ ಕಾಯಿಲೇಲಿ ಗುಳ್ಳೆ ಇದೆ ಅಂತ ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ, ಇದು ಎಷ್ಟು ಸ್ಪೀಡಲ್ಲಿ ಹೋಗ್ತಿದೆ ಅಂತ.

ಮೊದಲು, ಇದು ಯಾವ ಗುಳ್ಳೆ

ಬೆಂಗಳೂರಲ್ಲಿ ಕಂಪನಿ ಹೆಲ್ತ್ ಚೆಕಪ್ ಪ್ಯಾಕೇಜಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದವರ ರಿಪೋರ್ಟಲ್ಲಿ "ಸಿಂಪಲ್ ಕಾರ್ಟಿಕಲ್ ಸಿಸ್ಟ್" ಅಂತ ಬರೆದಿರೋದು ತುಂಬಾ ಕಾಮನ್. ಐವತ್ತು ದಾಟಿದವರಿಗೆ ಒಂದೋ ಎರಡೋ ನೀರುಗುಳ್ಳೆ ಇರೋದು ವಯಸ್ಸಿನ ವಿಷಯ, ಅದಕ್ಕೂ ಈ ಕಾಯಿಲೆಗೂ ಸಂಬಂಧ ಇಲ್ಲ. ವಂಶದ ಕಾಯಿಲೇಲಿ ಎರಡೂ ಕಿಡ್ನಿ ತುಂಬಾ ಗುಳ್ಳೆ ಏಳ್ತಾ ಹೋಗತ್ತೆ, ಬಹಳ ಜನಕ್ಕೆ ಲಿವರಲ್ಲೂ ಇರತ್ತೆ. ಮನೇಲಿ ಆಗ್ಲೇ ಯಾರಿಗೋ ಈ ಕಾಯಿಲೆ ಇದ್ರೆ, 15ರಿಂದ 39 ವಯಸ್ಸಿನವರಿಗೆ ಎರಡು ಕಿಡ್ನಿ ಸೇರಿ ಮೂರು ಗುಳ್ಳೆ ಕಂಡ್ರೂ ಸಾಕು ಇದೆ ಅಂತ ಲೆಕ್ಕ, 40ರಿಂದ 59ರವರಿಗೆ ಒಂದೊಂದು ಕಿಡ್ನೀಲೂ ಕನಿಷ್ಠ ಎರಡು, 60 ಆದಮೇಲೆ ನಾಲ್ಕು ನಾಲ್ಕು.

ಅಪ್ಪ ಅಥವಾ ಅಮ್ಮ ಯಾರಿಗಾದ್ರೂ ಒಬ್ಬರಿಗೆ ಇದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಅಂತ ಭೇದ ಇಲ್ಲ. ನಮ್ಮ ಕಡೆ ತಕ್ಷಣ "ಸೋದರಮಾವನ ಜೊತೆ ಮದ್ವೆ ಮಾಡಿದ್ರಲ್ಲ, ಅದಕ್ಕೇ" ಅನ್ನೋರಿದ್ದಾರೆ. ಅದು ತಪ್ಪು ತಿಳುವಳಿಕೆ. ಸಂಬಂಧದಲ್ಲಿ ಮದ್ವೆ ಆದ್ರೆ ಜಾಸ್ತಿ ಆಗೋದು ಮಕ್ಕಳಲ್ಲಿ ಕಾಣೋ ಇನ್ನೊಂದು ಬಗೆ, ಅದಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ದೊಡ್ಡವರಲ್ಲಿ ಕಾಣೋ ಈ ಬಗೆಗೆ ಒಬ್ಬರಿಂದ ಬಂದ್ರೆ ಸಾಕು. ನೂರರಲ್ಲಿ ಹತ್ತರಿಂದ ಹದಿನೈದು ಜನಕ್ಕೆ ಮನೇಲಿ ಯಾರಿಗೂ ಇದ್ದ ಗುರುತೇ ಸಿಗಲ್ಲ, ಹಾಗಾಗಿ ಸೊಸೆ ಕಡೆಯಿಂದ ಬಂತು ಅಳಿಯನ ಕಡೆಯಿಂದ ಬಂತು ಅನ್ನೋ ಪಂಚಾಯ್ತಿ ಬಿಟ್ಟುಬಿಡೋದು ಒಳ್ಳೇದು.

ಕ್ರಿಯಾಟಿನಿನ್ ನಾರ್ಮಲ್ ಇದೆ ಅಂದ್ರೆ ಏನರ್ಥ

ಅತಿ ಹೆಚ್ಚು ಮೋಸ ಹೋಗೋದು ಇಲ್ಲೇ. ಕ್ರಿಯಾಟಿನಿನ್ ಅಂದ್ರೆ ಕಿಡ್ನಿ ಹೊರಗೆ ಹಾಕೋ ಒಂದು ಕಸ, ರಕ್ತದಲ್ಲಿ ಅದು ಏರಿದ್ರೆ ಕಿಡ್ನಿ ಸೋತಿದೆ ಅಂತ ಲೆಕ್ಕ. ಒಂದೊಂದು ಕಿಡ್ನೀಲೂ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಫಿಲ್ಟರ್ ಇರತ್ತೆ. ಗುಳ್ಳೆ ಬೆಳೀತಾ ಬೆಳೀತಾ ಅಕ್ಕಪಕ್ಕದ ಫಿಲ್ಟರುಗಳನ್ನ ಒತ್ತತ್ತೆ, ರಕ್ತನಾಳ ಹಿಂಡತ್ತೆ, ಅಲ್ಲಿ ಊತ ಬಂದು ಆಮೇಲೆ ಗಾಯದ ಕಲೆ ಥರ ಗಟ್ಟಿ ಆಗತ್ತೆ, ಒಂದೊಂದಾಗಿ ಫಿಲ್ಟರ್ ಸಾಯತ್ತೆ. ಆದ್ರೆ ಉಳಿದವು ಹೆಚ್ಚು ಕೆಲಸ ಮಾಡಿ ಲೆಕ್ಕ ಸರಿ ಮಾಡ್ಕೊಂಡ್ಬಿಡ್ತವೆ. ಹತ್ತು ಜನರ ಟೀಮಲ್ಲಿ ನಾಲ್ಕು ಜನ ಬಿಟ್ಟುಹೋಗಿ ಮಿಕ್ಕ ಆರು ಜನ ರಾತ್ರಿ ಹತ್ತರ ತನಕ ಕೂತು ಕೆಲಸ ಮುಗಿಸಿದ್ರೆ ಮ್ಯಾನೇಜರ್‌ಗೆ ತಿಂಗಳ ರಿಪೋರ್ಟಲ್ಲಿ ಏನೂ ಗೊತ್ತಾಗಲ್ಲ ನೋಡಿ, ಹಾಗೆ. ಕ್ರಿಯಾಟಿನಿನ್ ಆ ರಿಪೋರ್ಟು. ಬಹಳ ಜನಕ್ಕೆ ಇಪ್ಪತ್ತು, ಮೂವತ್ತರ ಹರೆಯವೆಲ್ಲ ನಾರ್ಮಲ್ ರಿಪೋರ್ಟಲ್ಲೇ ಕಳೆದುಹೋಗತ್ತೆ, ಒಳಗಡೆ ಕಿಡ್ನಿ ಮಾತ್ರ ಎರಡು ಪಟ್ಟು ಮೂರು ಪಟ್ಟು ಊದಿರತ್ತೆ. ನಲವತ್ತರ ಸುಮಾರಿಗೆ ಓವರ್‌ಟೈಮ್ ಮಾಡೋರೂ ಸುಸ್ತಾದಾಗ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತಿದೆ ಅನ್ನೋ ಅಂಕ) ಇಳಿಯೋಕೆ ಶುರು ಆಗತ್ತೆ, ಒಮ್ಮೆ ಶುರು ಆದ್ರೆ ವೇಗವಾಗಿ ಇಳಿಯೋರಲ್ಲಿ ವರ್ಷಕ್ಕೆ ಮೂರು ನಾಲ್ಕು ಅಂಕ ಹೋಗತ್ತೆ. "ಮೊನ್ನೆ ಮೊನ್ನೆವರೆಗೂ ಎಲ್ಲ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಕೆಟ್ಟೋಯ್ತು" ಅಂತ ಮನೆಯವರಿಗೆ ಅನ್ಸೋದು ಇದರಿಂದ. ಇದ್ದಕ್ಕಿದ್ದಂತೆ ಅಲ್ಲ, ಇಪ್ಪತ್ತು ವರ್ಷದಿಂದ ನಡೀತಿತ್ತು.

ಹಾಗಾದ್ರೆ ಮೊದಲೇ ಸ್ಪೀಡ್ ಗೊತ್ತಾಗೋದು ಹೇಗೆ?

ನೋಡಬೇಕಾದ್ದು ಕಿಡ್ನಿ ಸೈಜು, ಅದೂ ವಯಸ್ಸಿನ ಜೊತೆ

ಅಮೆರಿಕದಲ್ಲಿ 2001ರಲ್ಲಿ ಶುರುವಾದ ಕ್ರಿಸ್ಪ್ ಅನ್ನೋ ಅಧ್ಯಯನದಲ್ಲಿ 241 ಜನರಿಗೆ ವರ್ಷ ವರ್ಷ ಎಮ್‌ಆರ್‌ಐ ಮಾಡಿ ಕಿಡ್ನಿ ಗಾತ್ರ ಅಳೆದ್ರು. ಸರಾಸರಿ ವರ್ಷಕ್ಕೆ ಶೇಕಡಾ 5ರಷ್ಟು ಗಾತ್ರ ಏರತ್ತೆ, ಆದ್ರೆ ಒಬ್ಬೊಬ್ಬರ ವೇಗ ಒಂದೊಂದು, ಮತ್ತೆ ದೊಡ್ಡ ಕಿಡ್ನಿ ಇರೋರಿಗೇ ಮುಂದೆ ಶಕ್ತಿ ಬೇಗ ಇಳಿಯತ್ತೆ ಅಂತ ಅದರಿಂದ ಸ್ಪಷ್ಟ ಆಯ್ತು. ಇದರ ಮೇಲೆ 2015ರಲ್ಲಿ ಮೇಯೋ ಕ್ಲಿನಿಕ್‌ನವರು ಒಂದು ವರ್ಗೀಕರಣ ಮಾಡಿದ್ರು, ಎತ್ತರಕ್ಕೆ ಹೊಂದಿಸಿದ ಕಿಡ್ನಿ ಗಾತ್ರ ಮತ್ತೆ ವಯಸ್ಸು ಎರಡನ್ನೂ ಹಾಕಿದ್ರೆ 1ಎಯಿಂದ 1ಇ ತನಕ ಐದು ಗುಂಪು. 1ಎ ಅಂದ್ರೆ ವರ್ಷಕ್ಕೆ ಶೇ. 1.5ಕ್ಕಿಂತ ಕಡಿಮೆ ಬೆಳೆಯೋದು, 1ಇ ಅಂದ್ರೆ ಶೇ. 6ಕ್ಕಿಂತ ಜಾಸ್ತಿ.

ಉದಾಹರಣೆಗೆ 170 ಸೆಂಟಿಮೀಟರ್ ಎತ್ತರದ ಇಬ್ಬರು, ಇಬ್ಬರಿಗೂ ಎರಡು ಕಿಡ್ನಿ ಸೇರಿ 1500 ಮಿಲಿಲೀಟರ್ ಗಾತ್ರ ಅಂತಿಟ್ಕೊಳ್ಳಿ, ಮಾಮೂಲಿಗಿಂತ ಐದಾರು ಪಟ್ಟು. ರಿಪೋರ್ಟ್ ನೋಡೋಕೆ ಒಂದೇ ಥರ. ಆದ್ರೆ ಒಬ್ಬರಿಗೆ 28 ವರ್ಷ, ಇನ್ನೊಬ್ಬರಿಗೆ 65. ಲೆಕ್ಕ ಹಾಕಿದ್ರೆ ಮೊದಲನೆಯವರು 1ಇ, ಅತಿ ವೇಗದ ಗುಂಪು, ಎರಡನೆಯವರು 1ಬಿ, ನಿಧಾನದ ಗುಂಪು. ಅದೇ ಗಾತ್ರಕ್ಕೆ ಬರೋಕೆ ಒಬ್ಬರು 28 ವರ್ಷ ತಗೊಂಡ್ರು, ಇನ್ನೊಬ್ಬರು 65 ತಗೊಂಡ್ರು, ಅಷ್ಟೇ ವ್ಯತ್ಯಾಸ, ಆದ್ರೆ ಅದೇ ಎಲ್ಲಾನೂ ನಿರ್ಧಾರ ಮಾಡತ್ತೆ.

ಎಮ್‌ಆರ್‌ಐ ದುಬಾರಿ ಅನ್ನೋರಿಗೆ ಮಾಮೂಲಿ ಅಲ್ಟ್ರಾಸೌಂಡಲ್ಲೂ ಒಂದು ಸುಳಿವು ಸಿಗತ್ತೆ, 45ರೊಳಗಿನವರಿಗೆ ಕಿಡ್ನಿ ಉದ್ದ 16.5 ಸೆಂಟಿಮೀಟರ್ ದಾಟಿದ್ರೆ ಹುಷಾರಾಗ್ಬೇಕು. ನಮ್ಮಲ್ಲಿ ಎಷ್ಟೋ ಸ್ಕ್ಯಾನ್ ರಿಪೋರ್ಟಲ್ಲಿ "ಎರಡೂ ಕಿಡ್ನಿ ದೊಡ್ಡದಾಗಿವೆ, ಅನೇಕ ಗುಳ್ಳೆಗಳಿವೆ" ಅಂತ ಬರೆದು ಮುಗಿಸ್ಬಿಡ್ತಾರೆ, ಉದ್ದ ಎಷ್ಟು ಅಂತ ಕೇಳಿ ಬರೆಸ್ಕೊಳ್ಳೋದು ಪೇಷಂಟ್ ಕೈಯಲ್ಲೇ ಇದೆ.

ಹಣೆಬರಹದ ಭಾಗ: ಜೀನು, ಗಂಡಸು ಹೆಂಗಸು

ಮುಖ್ಯವಾಗಿ ಎರಡು ಜೀನು. 16ನೇ ಕ್ರೋಮೋಸೋಮಲ್ಲಿರೋ ಪಿಕೆಡಿ1, ನಾಲ್ಕನೇದರಲ್ಲಿರೋ ಪಿಕೆಡಿ2. ಮುಕ್ಕಾಲು ಪಾಲು ಮನೆತನಗಳಲ್ಲಿ ಪಿಕೆಡಿ1 ಕೆಟ್ಟಿರತ್ತೆ, ಅದೇ ಜೋರು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ದೊಡ್ಡ ಅಧ್ಯಯನದ ಪ್ರಕಾರ ಪಿಕೆಡಿ1 ಅರ್ಧಕ್ಕೇ ತುಂಡಾಗೋ ಥರ ಕೆಟ್ಟಿದ್ರೆ ಅರ್ಧ ಜನ ಡಯಾಲಿಸಿಸ್ ಹಂತಕ್ಕೆ ಬಂದಿರೋ ವಯಸ್ಸು ಸುಮಾರು 55, ಪ್ರೋಟೀನ್ ಅಲ್ಪಸ್ವಲ್ಪ ಕೆಲಸ ಮಾಡೋ ಥರ ಕೆಟ್ಟಿದ್ರೆ 67, ಪಿಕೆಡಿ2 ಆದ್ರೆ 79. ಅಂದ್ರೆ ಪಿಕೆಡಿ2 ಇರೋ ಎಷ್ಟೋ ಜನ ಡಯಾಲಿಸಿಸ್ ಮುಖಾನೇ ನೋಡದೆ ಬೇರೆ ಯಾವುದಕ್ಕೋ ಹೋಗ್ಬಿಡ್ತಾರೆ.

ಇದಕ್ಕೇ ಮನೆತನದ ಕಥೆ ಮುಖ್ಯ. ಕುಟುಂಬದಲ್ಲಿ ಐವತ್ತೈದರೊಳಗೇ ಡಯಾಲಿಸಿಸ್‌ಗೆ ಹೋದವರಿದ್ರೆ ಅದು ಪಿಕೆಡಿ1 ಕಡೆ ತೋರಿಸತ್ತೆ, ಎಪ್ಪತ್ತು ದಾಟಿದ ಮೇಲೆ ಹೋದ್ರೆ ಪಿಕೆಡಿ2 ಕಡೆ. ಪರೀಕ್ಷೆ ಇಲ್ಲದೆ, ಖರ್ಚಿಲ್ಲದೆ ಅಜ್ಜಿ ದೊಡ್ಡಪ್ಪಂದಿರನ್ನ ಕೇಳಿದ್ರೇ ಸಿಗೋ ಮಾಹಿತಿ ಇದು.

ಗಂಡಸರಿಗೆ ಸ್ವಲ್ಪ ಬೇಗ. 35 ವರ್ಷದೊಳಗೆ ಬಿಪಿ ಬಂದಿದ್ರೆ, ಅಥವಾ 35ರೊಳಗೆ ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಗುಳ್ಳೆಗೆ ಇನ್ಫೆಕ್ಷನ್ ಇಂಥದ್ದು ಆಗಿದ್ರೆ ಅದೂ ಬೇಗ ಕೆಡೋ ಲಕ್ಷಣ. 2016ರಲ್ಲಿ ಬಂದ ಪ್ರೋಪಿಕೆಡಿ ಸ್ಕೋರಲ್ಲಿ ಇದನ್ನೆಲ್ಲ ಅಂಕ ಮಾಡಿದ್ದಾರೆ, ಗಂಡಸಾದ್ರೆ 1, ಬೇಗ ಬಂದ ಬಿಪಿಗೆ 2, ಮೂತ್ರದ ತೊಂದರೆಗೆ 2, ಜೀನಿನ ಬಗೆಗೆ 0, 2 ಅಥವಾ 4, ಒಟ್ಟು 9ಕ್ಕೆ. ಆರಕ್ಕಿಂತ ಜಾಸ್ತಿ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಅರವತ್ತರೊಳಗೆ ಡಯಾಲಿಸಿಸ್ ಅಥವಾ ಟ್ರಾನ್ಸ್‌ಪ್ಲಾಂಟ್ ಹಂತಕ್ಕೆ ಬರ್ತಾರೆ.

ಹಾಗಂತ ಜೀನೇ ಎಲ್ಲಾ ಅಲ್ಲ. ಒಂದೇ ಅಪ್ಪನ ಮಕ್ಕಳಲ್ಲಿ, ಅದೇ ಜೀನ್ ಅದೇ ತಪ್ಪು ಇದ್ರೂ, ವ್ಯತ್ಯಾಸ ಇರತ್ತೆ. ಒಂದು ಕಾರಣ ಇದು: ಮೈಯಲ್ಲಿರೋ ಎಲ್ಲ ಜೀವಕೋಶಗಳಲ್ಲೂ ಕೆಟ್ಟ ಪ್ರತಿ ಇದ್ರೂ ಗುಳ್ಳೆ ಏಳೋದು ಕೆಲವೇ ನಾಳಗಳಲ್ಲಿ, ಎಲ್ಲಿ ಇನ್ನೊಂದು ಒಳ್ಳೆ ಪ್ರತಿಯೂ ಕೈಕೊಟ್ಟಿತೋ ಅಥವಾ ಕೆಲಸ ಸಾಕಾಗಲಿಲ್ವೋ ಅಲ್ಲಿ. ಅದು ಯಾರಿಗೆ ಎಷ್ಟು ಕಡೆ ಅನ್ನೋದು ಭಾಗಶಃ ಅದೃಷ್ಟ. ಮಿಕ್ಕಿದ್ದು ಬಿಪಿ, ಉಪ್ಪು, ತೂಕ, ಸಿಗರೇಟು.

ಬಿಪಿ 110/75 ಯಾಕೆ, ನಾರ್ಮಲ್ 120 ಅಲ್ವಾ?

ಹೊಸ ಮಾರ್ಗಸೂಚೀಲಿ ಜನಕ್ಕೆ ಅತಿ ವಿಚಿತ್ರ ಅನ್ನಿಸಿರೋದು ಇದು. ಈ ಕಾಯಿಲೇಲಿ ಬಿಪಿ ಬರೋದು ಕಿಡ್ನಿ ಕೆಟ್ಟ ಮೇಲಲ್ಲ, ಕೆಡೋಕೆ ಮುಂಚೆ. ಗುಳ್ಳೆ ರಕ್ತನಾಳನ ಒತ್ತಿದಾಗ ಆ ಜಾಗಕ್ಕೆ ರಕ್ತ ಕಡಿಮೆ ಹೋಗತ್ತೆ, ಕಿಡ್ನಿ "ಮೈಯಲ್ಲಿ ರಕ್ತ ಸಾಲ್ತಿಲ್ಲ" ಅಂತ ತಪ್ಪು ತಿಳ್ಕೊಂಡು ರೆನಿನ್ ಬಿಡತ್ತೆ, ಅದರಿಂದ ಬಿಪಿ ಏರತ್ತೆ, ಏರಿದ ಬಿಪಿ ಉಳಿದ ಫಿಲ್ಟರುಗಳನ್ನ ಹಾಳು ಮಾಡತ್ತೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕ್ರಿಯಾಟಿನಿನ್ ಅಲುಗಾಡೋ ಮುಂಚೆನೇ, ಮೂವತ್ತರ ಆಸುಪಾಸಲ್ಲೇ ಬಿಪಿ ಬಂದಿರತ್ತೆ. ಆ ವಯಸ್ಸಲ್ಲಿ ನಮ್ಮೂರಲ್ಲಿ ಯಾರು ಬಿಪಿ ಚೆಕ್ ಮಾಡಿಸ್ತಾರೆ ಹೇಳಿ, ಮಾಡಿಸಿ ಜಾಸ್ತಿ ಬಂದ್ರೂ "ಆಫೀಸ್ ಟೆನ್ಷನ್ನು, ಟ್ರಾಫಿಕ್ಕು" ಅಂತ ತಳ್ಳಿಹಾಕ್ತಾರೆ.

2014ರಲ್ಲಿ ಬಂದ ಹಾಲ್ಟ್ ಅನ್ನೋ ಟ್ರಯಲಲ್ಲಿ ಕಿಡ್ನಿ ಇನ್ನೂ ಚೆನ್ನಾಗಿದ್ದ, 50ರೊಳಗಿನ 558 ಜನರನ್ನ ಎರಡು ಭಾಗ ಮಾಡಿ ಒಬ್ಬರಿಗೆ 120ರಿಂದ 130ರೊಳಗೆ, ಇನ್ನೊಬ್ಬರಿಗೆ 95ರಿಂದ 110ರೊಳಗೆ ಮೇಲಿನ ಬಿಪಿ ಇಟ್ರು. ಕಡಿಮೆ ಇಟ್ಟವರಲ್ಲಿ ಕಿಡ್ನಿ ಗಾತ್ರ ಏರೋ ವೇಗ ಶೇ. 14ರಷ್ಟು ಕಮ್ಮಿ ಆಯ್ತು. ಇದರ ಮೇಲೇ ಕೆಡಿಗೊ ಹೇಳ್ತಿರೋದು, 18ರಿಂದ 49 ವಯಸ್ಸು, ಕಿಡ್ನಿ ಶಕ್ತಿ ಚೆನ್ನಾಗಿರೋರು, ಬಿಪಿ ಇರೋರು, ಅಂಥವರು ತಡ್ಕೊಳ್ಳೋದಾದ್ರೆ ಮನೇಲಿ ನೋಡ್ಕೊಳ್ಳೋ ಬಿಪಿ 110/75ರೊಳಗೆ ಇರ್ಲಿ ಅಂತ. ಐವತ್ತು ದಾಟಿದವರಿಗೆ ಅಥವಾ ಆಗ್ಲೇ ಕಿಡ್ನಿ ಇಳಿದವರಿಗೆ 120ರೊಳಗೆ.

ವಿರೋಧವೂ ಇದೆ. ಅದೇ ಟ್ರಯಲಲ್ಲಿ ಗಾತ್ರ ನಿಧಾನ ಆದ್ರೂ ಇಜಿಎಫ್‌ಆರ್ ಇಳಿತದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಜೊತೆಗೆ ತಲೆಸುತ್ತು ಜಾಸ್ತಿ ಆಯ್ತು. ಹಾಗಾಗಿ ಕೆಲವರು 120 ಸಾಕು ಅಂತಾರೆ. ನನ್ನ ಪ್ರಕಾರ ಇಲ್ಲಿ 110ಆ 120ಆ ಅನ್ನೋದಕ್ಕಿಂತ ದೊಡ್ಡ ಸಮಸ್ಯೆ 150 ಇಟ್ಕೊಂಡು ಓಡಾಡ್ತಿರೋ ಮೂವತ್ತು ವರ್ಷದವರು. ಬಿಪಿಗೆ ಕೊಡೋ ಸಾಮಾನ್ಯ ಮಾತ್ರೆಗಳು, ಪ್ರಿಲ್ ಅಥವಾ ಸಾರ್ಟಾನ್ ಅಂತ ಹೆಸರು ಮುಗಿಯೋವು, ಜೆನೆರಿಕ್ ಅಂಗಡೀಲಿ ಕಡಿಮೆ ದುಡ್ಡಿಗೆ ಸಿಗತ್ತೆ. ಒಂದೇ ಎಚ್ಚರಿಕೆ, ಮಗು ಬೇಕು ಅಂತಿರೋ ಹೆಣ್ಮಕ್ಕಳು ಇದರ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳ್ಬೇಕು, ಬಸಿರಲ್ಲಿ ಈ ಮಾತ್ರೆಗಳು ಮಗುವಿಗೆ ಅಪಾಯ.

ಉಪ್ಪು, ತೂಕ

ಹಾಲ್ಟ್ ಟ್ರಯಲ್‌ನ ಲೆಕ್ಕಗಳನ್ನ ಮತ್ತೆ ತೆಗೆದು ನೋಡಿದಾಗ ಉಪ್ಪು ಜಾಸ್ತಿ ತಿನ್ನೋರಿಗೆ ಕಿಡ್ನಿ ಬೇಗ ಇಳೀತಿತ್ತು, ತೂಕ ಜಾಸ್ತಿ ಇರೋರಿಗೆ ಗಾತ್ರ ಬೇಗ ಏರ್ತಿತ್ತು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮ್ ಒಳಗಿರ್ಲಿ ಅಂತ ಸಲಹೆ, ಅಂದ್ರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಮ್ಮಿ, ಅದರಲ್ಲೇ ಸಾರು ಪಲ್ಯ ಎಲ್ಲ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ಖಾರಾಬನ್ನು, ದರ್ಶಿನಿ ಸಾಂಬಾರು ಇಷ್ಟು ಸೇರಿದ್ರೆ ಮಧ್ಯಾಹ್ನಕ್ಕೇ ಕೋಟಾ ಮುಗಿದಿರತ್ತೆ. ಅಂಗಡೀಲಿ ಸಿಗೋ "ಲೋ ಸೋಡಿಯಂ" ಉಪ್ಪು ತಗೊಂಡ್ರೆ ಆಯ್ತಲ್ಲ ಅಂತ ಅನ್ಸತ್ತೆ, ಆದ್ರೆ ಅದರಲ್ಲಿ ಪೊಟ್ಯಾಶಿಯಂ ಇರತ್ತೆ, ಕಿಡ್ನಿ ಇಳಿದವರಿಗೆ ಅಥವಾ ಮೇಲೆ ಹೇಳಿದ ಬಿಪಿ ಮಾತ್ರೆ ತಗೊಳ್ಳೋರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಏರಿದ್ರೆ ಹಾರ್ಟಿಗೇ ಅಪಾಯ, ಕೇಳದೆ ಶುರು ಮಾಡ್ಬೇಡಿ. ಪಕ್ಕೆ ನೋವಿಗೆ ಮೆಡಿಕಲ್ ಸ್ಟೋರಲ್ಲಿ ತಾವೇ ಕೇಳಿ ತಗೊಳ್ಳೋ ನೋವಿನ ಮಾತ್ರೆಗಳೂ, "ಕಿಡ್ನಿ ಕ್ಲೀನ್" ಅಂತ ಮಾರೋ ಪುಡಿಗಳೂ ಇದೇ ಲಿಸ್ಟಲ್ಲಿ.

ನೀರು ಕುಡಿದ್ರೆ ವಾಸಿ ಆಗತ್ತಾ

ಇದರ ಹಿಂದೆ ಒಂದು ಲಾಜಿಕ್ ಇದೆ. ಮೈಯಲ್ಲಿ ನೀರು ಕಡಿಮೆ ಆದಾಗ ಮೆದುಳು ವ್ಯಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಬಿಡತ್ತೆ. ಕಿಡ್ನೀಲಿ ನೀರು ಉಳಿಸ್ಕೊಳ್ಳೋಕೆ ಅಂತ ಬರೋ ಆ ಹಾರ್ಮೋನೇ ಈ ಕಾಯಿಲೆ ಇರೋರಲ್ಲಿ ಗುಳ್ಳೆ ಒಳಗೆ ನೀರು ತುಂಬಿಸಿ ಬೆಳೆಸತ್ತೆ. ಹಾಗಾದ್ರೆ ಚೆನ್ನಾಗಿ ನೀರು ಕುಡಿದು ಹಾರ್ಮೋನ್ ಕಡಿಮೆ ಮಾಡಿದ್ರೆ ಗುಳ್ಳೆ ನಿಧಾನ ಆಗ್ಬೇಕಲ್ವಾ? ಆಸ್ಟ್ರೇಲಿಯಾದಲ್ಲಿ 184 ಜನರ ಮೇಲೆ ಮೂರು ವರ್ಷ ಇದನ್ನೇ ಟ್ರೈ ಮಾಡಿದ್ರು, 2022ರಲ್ಲಿ ಫಲಿತಾಂಶ ಬಂತು, ಲೆಕ್ಕ ಹಾಕಿ ಜಾಸ್ತಿ ನೀರು ಕುಡಿದವರಿಗೂ ಬಾಯಾರಿಕೆ ಆದಾಗ ಕುಡಿದವರಿಗೂ ಕಿಡ್ನಿ ಬೆಳೆಯೋದರಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ನೀರು ಕುಡಿಯೋ ಪರವಾಗಿರೋರು "ಹೇಳಿದಷ್ಟು ಕುಡಿದವರು ಅರ್ಧ ಜನಾನೇ" ಅಂತ ವಾದ ಮಾಡ್ತಾರೆ, ಅದೂ ನಿಜ. ಕಿಡ್ನಿ ಚೆನ್ನಾಗಿರೋರು ದಿನಕ್ಕೆ ಎರಡು ಮೂರು ಲೀಟರ್ ಕುಡಿಯೋದರಲ್ಲಿ ನಷ್ಟ ಇಲ್ಲ, ಕಲ್ಲು ಆಗೋದಾದ್ರೂ ತಪ್ಪತ್ತೆ. ಆದ್ರೆ ಕಿಡ್ನಿ ತುಂಬಾ ಇಳಿದವರು ಅದೇ ಫಾರ್ಮುಲಾ ಹಿಡಿದ್ರೆ ಮೈ ಊದ್ಕೊಳ್ಳತ್ತೆ.

ಆ ಮಾತ್ರೆ ಯಾರಿಗೆ

ಟಾಲ್ವಾಪ್ಟಾನ್ ಮಾಡೋದು ಅದೇ ವ್ಯಾಸೊಪ್ರೆಸಿನ್‌ನ ಕಿಡ್ನಿ ಬಾಗಿಲಲ್ಲೇ ತಡೆಯೋದು. 2012ರಲ್ಲಿ ಬಂದ 1445 ಜನರ ಟ್ರಯಲಲ್ಲಿ ಕಿಡ್ನಿ ಗಾತ್ರ ವರ್ಷಕ್ಕೆ ಶೇ. 5.5ರ ಬದಲು 2.8ರಷ್ಟು ಏರ್ತು. 2017ರ ಇನ್ನೊಂದು ಟ್ರಯಲಲ್ಲಿ, ಕಿಡ್ನಿ ಆಗ್ಲೇ ಇಳಿದಿದ್ದವರಲ್ಲಿ, ಇಜಿಎಫ್‌ಆರ್ ವರ್ಷಕ್ಕೆ 3.61 ಇಳಿಯೋ ಬದಲು 2.34 ಇಳೀತು. 2018ರಲ್ಲಿ ಅಮೆರಿಕ ಒಪ್ಪಿಗೆ ಕೊಡ್ತು.

ಅಂದ್ರೆ ವಾಸಿ ಆಗಲ್ಲ, ನಿಧಾನ ಆಗತ್ತೆ. ಎಷ್ಟು ನಿಧಾನ? ಸುಮ್ಮನೆ ನೇರ ಗೆರೆ ಲೆಕ್ಕ ಹಾಕಿ ನೋಡಿ, 45ರಲ್ಲಿರೋ ಇಜಿಎಫ್‌ಆರ್ 15ಕ್ಕೆ, ಅಂದ್ರೆ ಡಯಾಲಿಸಿಸ್ ಹತ್ರಕ್ಕೆ, ಇಳಿಯೋಕೆ ಮಾತ್ರೆ ಇಲ್ದಿದ್ರೆ ಎಂಟು ವರ್ಷ ಚಿಲ್ಲರೆ, ಮಾತ್ರೆ ಇದ್ರೆ ಸುಮಾರು ಹದಿಮೂರು. ನಾಲ್ಕೂವರೆ ವರ್ಷದ ಲಾಭ, ಮತ್ತೆ ಬೇಗ ಶುರು ಮಾಡಿದ್ರೆ ಇನ್ನೂ ಜಾಸ್ತಿ. ನಲವತ್ತೈದರ ವಯಸ್ಸಿನವರಿಗೆ, ಮಕ್ಕಳು ಇನ್ನೂ ಓದ್ತಿರೋವಾಗ, ಅದು ದೊಡ್ಡದು. ಆದ್ರೆ 1ಎ ಗುಂಪಿನ ಅರವತ್ತರ ಅಮ್ಮಂಗೆ ವರ್ಷಕ್ಕೆ ಒಂದೇ ಅಂಕ ಇಳೀತಿದ್ರೆ ಅವರು ಡಯಾಲಿಸಿಸ್ ಹತ್ರಾನೇ ಹೋಗಲ್ಲ, ಅವರಿಗೆ ಮಾತ್ರೆಯಿಂದ ಸಿಗೋದು ಬರೀ ಕಾಟ. "ನಿಮಗೆ ಬೇಡ" ಅಂತ ಡಾಕ್ಟರು ಹೇಳೋದು ಈ ಅರ್ಥದಲ್ಲಿ. ಕೆಡಿಗೊ ಕೂಡ ಬೇಗ ಕೆಡೋ ಅಪಾಯ ಇರೋರಿಗೆ ಮಾತ್ರ ಅಂತಲೇ ಹೇಳತ್ತೆ, ಮುಖ್ಯವಾಗಿ 1ಸಿ, 1ಡಿ, 1ಇ.

ಕಾಟ ಅಂದ್ರೆ ಸಣ್ಣದಲ್ಲ. ದಿನಕ್ಕೆ ಐದಾರು ಲೀಟರ್ ಮೂತ್ರ, ಅಷ್ಟೇ ನೀರು ಕುಡೀಬೇಕು, ರಾತ್ರಿ ಎರಡು ಮೂರು ಸಲ ಏಳ್ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಮುಕ್ಕಾಲು ಗಂಟೆ ಬಸ್ಸಲ್ಲಿ ನಿಲ್ಲೋರು, ಫೀಲ್ಡಲ್ಲಿ ಡೆಲಿವರಿ ಮಾಡೋರು, ಟಾಯ್ಲೆಟ್ ಇಲ್ಲದ ಕಡೆ ಕೆಲಸ ಮಾಡೋ ಹೆಣ್ಮಕ್ಕಳು ಇದನ್ನ ಹೇಗೆ ನಿಭಾಯಿಸ್ಬೇಕು ಅನ್ನೋದು ಯಾವ ಮಾರ್ಗಸೂಚೀಲೂ ಸಲೀಸಾಗಿ ಬಗೆಹರಿಯಲ್ಲ. ಜೊತೆಗೆ ಲಿವರಿಗೆ ಏಟು ಬೀಳೋ ಅಪಾಯ, ಮೊದಲ ಒಂದೂವರೆ ವರ್ಷ ತಿಂಗಳು ತಿಂಗಳು ಲಿವರ್ ಟೆಸ್ಟ್. 2012ರ ಟ್ರಯಲಲ್ಲೇ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 23 ಜನ ಮಧ್ಯದಲ್ಲಿ ಬಿಟ್ರು.

ಇನ್ನೊಂದು ವಿಷಯ ಬೇಗ ಹೇಳ್ಬಿಡ್ತೀನಿ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಇದೇ ಹೆಸರಿನ 15 ಮಿಲಿಗ್ರಾಮ್ ಮಾತ್ರೆ ರಕ್ತದಲ್ಲಿ ಸೋಡಿಯಂ ಇಳಿದವರಿಗೆ ಅಂತ ಸಿಗತ್ತೆ. ಕಿಡ್ನಿ ಗುಳ್ಳೆಗೆ ಶುರು ಮಾಡೋ ಡೋಸೇ ಬೆಳಗ್ಗೆ 45, ಮಧ್ಯಾಹ್ನ 15. "ಸುದ್ದೀಲಿ ಬಂದ ಮಾತ್ರೆ" ಅಂತ ಚೀಟಿ ಇಲ್ಲದೆ ತಗೊಂಡು ನುಂಗಿದ್ರೆ ಉಪಯೋಗ ಇಲ್ಲ, ಅಪಾಯ ಮಾತ್ರ ಇದೆ.

ಮಿಕ್ಕ ಅಣ್ಣತಮ್ಮ ಅಕ್ಕತಂಗಿಯರು

ಒಬ್ಬರಿಗೆ ಗೊತ್ತಾದ ಮೇಲೆ ಉಳಿದವರು ಟೆಸ್ಟ್ ಮಾಡಿಸ್ಬೇಕಾ? ಇಲ್ಲಿ ಎರಡು ಪಕ್ಷ. ಮದ್ವೆ ಆಗದ ಹುಡುಗಿ ರಿಪೋರ್ಟಲ್ಲಿ ಬಂದ್ರೆ ಸಂಬಂಧ ಕೂಡಿಬರಲ್ಲ, ಇನ್ಶೂರೆನ್ಸ್ ಸಿಗಲ್ಲ, ಗೊತ್ತಾಗದೇ ಇರೋದೇ ವಾಸಿ ಅನ್ನೋರು ಒಂದು ಕಡೆ. ಭಯ ಸುಳ್ಳಲ್ಲ. ಇನ್ಶೂರೆನ್ಸ್ ವಿಷಯದಲ್ಲಿ ಮಾತ್ರ ನಿಯಮ ಸ್ವಲ್ಪ ಬದಲಾಗಿದೆ, ಬರೀ ವಂಶದ ಕಾಯಿಲೆ ಅನ್ನೋ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸ್ಬಾರದು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2018ರ ಮಾರ್ಚಲ್ಲೇ ಕಂಪನಿಗಳಿಗೆ ಹೇಳಿದೆ, 2024ರಿಂದ ಮೊದಲೇ ಇರೋ ಕಾಯಿಲೆಗೆ ಕಾಯೋ ಅವಧಿ ಹೆಚ್ಚಂದ್ರೆ ಮೂರು ವರ್ಷ. ಪ್ರೀಮಿಯಂ ಜಾಸ್ತಿ ಕೇಳ್ಬಹುದು, ಆದ್ರೆ ಮುಚ್ಚಿಟ್ಟು ಪಾಲಿಸಿ ತಗೊಂಡ್ರೆ ಆಮೇಲೆ ಅದೇ ಕಾರಣಕ್ಕೆ ಕ್ಲೇಮ್ ಬೀಳೋ ಸಾಧ್ಯತೆ ಇನ್ನೂ ಜಾಸ್ತಿ.

ಇನ್ನೊಂದು ಪಕ್ಷದ ವಾದ ಬಿಪಿ ಮೇಲೇ ನಿಂತಿದೆ, ಇಪ್ಪತ್ತೈದಕ್ಕೆ ಗೊತ್ತಾದ್ರೆ ಆಗಿಂದಲೇ ಬಿಪಿ ಹಿಡಿತದಲ್ಲಿಡಬಹುದು. ಸ್ಕ್ಯಾನ್ ಬೇಡ ಅನ್ನೋರೂ ಬಿಪಿ ಮಾತ್ರ ವರ್ಷಕ್ಕೊಮ್ಮೆ ನೋಡಿಸ್ಬೇಕು, ಮಕ್ಕಳಿಗೂ ಐದು ವರ್ಷ ಆದಮೇಲೆ ನೋಡಿಸಿ ಅಂತ ಮಕ್ಕಳ ಕಿಡ್ನಿ ತಜ್ಞರ ಸಲಹೆ ಇದೆ. ಅದಕ್ಕೆ ಯಾವ ರಿಪೋರ್ಟಲ್ಲೂ ಕಾಯಿಲೆ ಹೆಸರು ಬರೋಲ್ಲ, ಯಾರಿಗೂ ಹೇಳೋ ಅವಶ್ಯಕತೆನೂ ಇಲ್ಲ.

ಟ್ರಾನ್ಸ್‌ಪ್ಲಾಂಟ್ ವಿಷಯ ಬಂದಾಗ ಮಾತ್ರ ಟೆಸ್ಟ್ ತಪ್ಪಿಸ್ಕೊಳ್ಳೋಕಾಗಲ್ಲ. ಬೇರೆ ಕಿಡ್ನಿ ಕಾಯಿಲೆಗಳಲ್ಲಿ ಮೊದಲು ಮುಂದೆ ಬರೋದು ಅಪ್ಪ ಅಮ್ಮ, ಒಡಹುಟ್ಟಿದವರು. ಇಲ್ಲಿ ಅಪ್ಪ ಅಮ್ಮಂದಿರಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಅದೇ ಕಾಯಿಲೆ, ಒಡಹುಟ್ಟಿದವರಲ್ಲಿ ಅರ್ಧ ಜನಕ್ಕೆ ಇರಬಹುದು. 40ರೊಳಗಿನ ತಮ್ಮ ಕಿಡ್ನಿ ಕೊಡ್ತೀನಿ ಅಂದ್ರೆ ಅಲ್ಟ್ರಾಸೌಂಡಲ್ಲಿ ಏನೂ ಕಾಣಲಿಲ್ಲ ಅನ್ನೋದು ಸಾಲಲ್ಲ, ಎಮ್‌ಆರ್‌ಐಲಿ ಎರಡೂ ಕಿಡ್ನಿ ಸೇರಿ ಐದಕ್ಕಿಂತ ಕಡಿಮೆ ಗುಳ್ಳೆ ಇರ್ಬೇಕು, ಅನುಮಾನ ಇದ್ರೆ ಜೀನ್ ಟೆಸ್ಟ್. ಜೀನ್ ಟೆಸ್ಟಿಗೆ ಮೊದಲು ಕಾಯಿಲೆ ಇರೋರ ರಕ್ತದಲ್ಲೇ ತಪ್ಪು ಎಲ್ಲಿದೆ ಅಂತ ಹುಡುಕಬೇಕು, ಪಿಕೆಡಿ1 ಪಕ್ಕದಲ್ಲೇ ಅದೇ ಥರ ಕಾಣೋ ಆರು ನಕಲಿ ಜೀನ್ ಇರೋದ್ರಿಂದ ಅದಕ್ಕೆ ಟೈಮ್ ಹಿಡಿಯತ್ತೆ. ಅದಕ್ಕೇ ಇಜಿಎಫ್‌ಆರ್ 20ರ ಹತ್ರ ಬರೋ ಮುಂಚೆನೇ ಈ ಕೆಲಸ ಶುರು ಮಾಡ್ಬೇಕು, ಮನೇಲಿ ದಾನಿ ಸಿಗದಿದ್ರೆ ಜೀವಸಾರ್ಥಕತೆ ಅನ್ನೋ ಕರ್ನಾಟಕದ ಅಂಗದಾನ ಸಂಸ್ಥೆಯ ಕಾಯೋ ಪಟ್ಟಿಗೆ ಆಸ್ಪತ್ರೆ ಮೂಲಕ ಹೆಸರು ಬರೆಸೋಕೂ ಆಗ ಸಮಯ ಉಳಿದಿರತ್ತೆ.